ಹೊಳೆ ನೀರಿಗೆ ಇರುವ ಹೊಂದಾಣಿಕೆ ವಿಷಾನಿಲಕ್ಕೂ ಬೇಕು

ಮಳೆಗಾಲದಲ್ಲಿ ಕೊಯ್ನಾದಿಂದ ಎಷ್ಟು ಕ್ಯುಸೆಕ್ ಬಿಟ್ಟರು, ರಾಜಾಪುರ ಬ್ಯಾರೇಜಿನಿಂದ ಎಷ್ಟು ಹರಿದು ಬರುತ್ತಿದೆ ಎಂಬ ಲೆಕ್ಕ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ರೈತರಿಗೆ ಬಾಯಿಪಾಠ. ಮಹಾರಾಷ್ಟ್ರದ ಅಧಿಕಾರಿಗಳು ಕೊಟ್ಟ ಅಂಕಿ ಬೆಳಗಾವಿ ಜಿಲ್ಲಾಡಳಿತಕ್ಕೆ ಬರುತ್ತದೆ, ಅಲ್ಲಿಂದ ಹಿಪ್ಪರಗಿಗೆ, ಆಲಮಟ್ಟಿಗೆ ಹೋಗುತ್ತದೆ. ಅದನ್ನು ನೋಡಿಕೊಂಡು ಆಲಮಟ್ಟಿಯ ಗೇಟು ಎಷ್ಟು ಎತ್ತಬೇಕೆಂದು ನಿರ್ಧಾರವಾಗುತ್ತದೆ. 2019ರ ಮಹಾಪೂರದ ನಂತರ ಈ ಮಾತುಕತೆ ಇನ್ನಷ್ಟು ಬಿಗಿಯಾಯಿತು. ಎರಡು ರಾಜ್ಯಗಳ ನಡುವೆ ನದಿ ವ್ಯಾಜ್ಯ, ಗಡಿ ವ್ಯಾಜ್ಯ ಏನೇ ಇರಲಿ, ಹೊಳೆ ಏರುವಾಗ ಫೋನು ಮಾತ್ರ ನಿಲ್ಲುವುದಿಲ್ಲ.

ಇದೇ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಹೊಳೆಯಷ್ಟೇ ಗಮನ ಕೊಡಬೇಕಾದ ಬೇರೆ ಅಪಾಯಗಳಿವೆ. ರಾಸಾಯನಿಕ, ಜೈವಿಕ, ವಿಕಿರಣ, ಪರಮಾಣು ಎಂಬ ನಾಲ್ಕನ್ನೂ ಸೇರಿಸಿ ಅಧಿಕಾರಿಗಳು ಸಿಬಿಆರ್‌ಎನ್ ಎನ್ನುತ್ತಾರೆ. ಈ ಹೆಸರು ಕೇಳಿದ ಕೂಡಲೇ ಯುದ್ಧ, ಉಗ್ರರ ದಾಳಿ ನೆನಪಾಗುತ್ತದೆ. ಆದರೆ ನಮ್ಮ ಭಾಗದಲ್ಲಿ ಅದರ ರೂಪ ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜಿನ ಅಮೋನಿಯಾ, ನೀರು ಶುದ್ಧೀಕರಣ ಘಟಕದ ಕ್ಲೋರಿನ್, ರಾಷ್ಟ್ರೀಯ ಹೆದ್ದಾರಿ 48ರಲ್ಲಿ ರಾತ್ರಿ ಓಡುವ ಟ್ಯಾಂಕರು, ಗುಜರಿ ಲೋಡಿನಲ್ಲಿ ಬಂದ, ಒಳಗೆ ವಿಕಿರಣ ಮೂಲ ಇರುವ ಸೀಸದ ಡಬ್ಬಿ. ಇವೆಲ್ಲ ನಮಗೆ ಕೊಡುವ ಸಮಯ ಮಾತ್ರ ಬೇರೆ ಬೇರೆ. ಗ್ಯಾಸು ಕೊಡುವುದು ನಿಮಿಷಗಳನ್ನು. ಹೊಳೆಗೆ ಬಿದ್ದ ರಾಸಾಯನಿಕ ಕೆಲವು ಗಂಟೆ, ಕೆಲವೊಮ್ಮೆ ದಿನಗಳನ್ನೇ ಕೊಡುತ್ತದೆ. ಸೋಂಕಿನದು ವಾರಗಳ ಲೆಕ್ಕ. ಗುಜರಿಗೆ ಸೇರಿದ ವಿಕಿರಣ ಮೂಲ ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗದೆ ಬಿದ್ದಿರಬಹುದು. ಎಲ್ಲಕ್ಕೂ ಸೇರಿ ಒಂದೇ ಸಮನ್ವಯ ಸಮಿತಿ ಮಾಡಿ ಮೂರು ತಿಂಗಳಿಗೊಮ್ಮೆ ಸಭೆ ಸೇರಿದರೆ ಗ್ಯಾಸಿನ ಅನಾಹುತಕ್ಕೆ ಅದು ಯಾವ ಉಪಯೋಗಕ್ಕೂ ಬರುವುದಿಲ್ಲ. ಜಿಲ್ಲೆ ಜಿಲ್ಲೆಗಳ, ರಾಜ್ಯ ರಾಜ್ಯಗಳ ನಡುವಿನ ಸಹಕಾರವನ್ನು ಈ ಸಮಯದ ಅಳತೆಗೆ ತಕ್ಕಂತೆ ಕಟ್ಟಬೇಕು ಎಂಬುದೇ ಈ ಲೇಖನದ ವಾದ.

ಮೊದಲ ಆರು ಗಂಟೆ ನಮ್ಮವೇ

ರಾಸಾಯನಿಕ ಮತ್ತು ವಿಕಿರಣ ಅನಾಹುತಗಳಿಗೆ ತರಬೇತಿ ಪಡೆದ ಎನ್‌ಡಿಆರ್‌ಎಫ್ (ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ) ಪಡೆಗಳಲ್ಲಿ ಪುಣೆ ಬಳಿಯ 5ನೇ ಬೆಟಾಲಿಯನ್ ಒಂದು. ಬೆಳಗಾವಿಯಿಂದ ಪುಣೆ ಸುಮಾರು 340 ಕಿ.ಮೀ. ಕರ್ನಾಟಕದ ಹೊಣೆ ಹೊತ್ತಿರುವ 10ನೇ ಬೆಟಾಲಿಯನ್ ಇರುವುದು ಆಂಧ್ರದ ವಿಜಯವಾಡ ಬಳಿ. ಬೆಂಗಳೂರಿನಿಂದ ತುಕಡಿ ಹೊರಟರೂ ಸುಮಾರು 500 ಕಿ.ಮೀ. ಹಾದಿ. ಅಂದರೆ ನಮಗೆ ಹತ್ತಿರದ ಪರಿಣತ ಪಡೆ ಇರುವುದು ನೆರೆ ರಾಜ್ಯದಲ್ಲಿ. ಕರೆದ ಕೂಡಲೇ ಹೊರಟರೂ ಅದು ಬರುವ ಹೊತ್ತಿಗೆ ಐದಾರು ಗಂಟೆ ಕಳೆದಿರುತ್ತದೆ. ಕ್ಲೋರಿನ್ ಸೋರಿಕೆಯಲ್ಲಿ ಸಾವು ಬದುಕಿನ ತೀರ್ಮಾನ ಮೊದಲ ಅರ್ಧ ಗಂಟೆಯಲ್ಲೇ ಆಗಿಬಿಡುತ್ತದೆ.

ಕಾನೂನು ಇಲ್ಲವೆಂದಲ್ಲ. ಭೋಪಾಲದ ಅನಿಲ ದುರಂತದ ನಂತರ 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ನಿಯಮಗಳು ಬಂದವು, 1996ರಲ್ಲಿ ರಾಸಾಯನಿಕ ಅಪಘಾತಗಳ ನಿಯಮಗಳು ಬಂದವು. ಅದರಂತೆ ಕೇಂದ್ರ, ರಾಜ್ಯ, ಜಿಲ್ಲೆ, ಸ್ಥಳೀಯ ಎಂದು ನಾಲ್ಕು ಹಂತದ ಬಿಕ್ಕಟ್ಟು ನಿರ್ವಹಣಾ ಗುಂಪುಗಳಿರಬೇಕು. ಜಿಲ್ಲಾ ಗುಂಪು 45 ದಿನಕ್ಕೊಮ್ಮೆ, ಸ್ಥಳೀಯ ಗುಂಪು ತಿಂಗಳಿಗೊಮ್ಮೆ ಸೇರಬೇಕು. ತೊಡಕಿರುವುದು ಲೆಕ್ಕದಲ್ಲಿ. ಕಾರ್ಖಾನೆಯ ಬೇಲಿಯಾಚೆಗಿನ ಊರಿಗೂ ಯೋಜನೆ ಇರಲೇಬೇಕೆಂಬ ನಿಯಮ ನಿಂತಿರುವುದು ರಾಸಾಯನಿಕದ ಪ್ರಮಾಣದ ಮೇಲೆ. ಕ್ಲೋರಿನ್‌ಗೆ ಆ ಲೆಕ್ಕ ಶುರುವಾಗುವುದೇ 10 ಟನ್ನಿನಿಂದ, ಅಮೋನಿಯಾಗೆ 60 ಟನ್ನಿನಿಂದ. ನೀರಿನ ಘಟಕವೊಂದರಲ್ಲಿ 900 ಕೆ.ಜಿ.ಯ ನಾಲ್ಕು ಟನ್ನರ್ (ಉಕ್ಕಿನ ದೊಡ್ಡ ಸಿಲಿಂಡರ್) ಇದ್ದರೆ 3.6 ಟನ್ ಆಯಿತು. ಕೋಲ್ಡ್ ಸ್ಟೋರೇಜಿನಲ್ಲಿರುವುದು ಒಂದೆರಡು ಟನ್ ಅಮೋನಿಯಾ. ಎರಡೂ ದೊಡ್ಡ ಅಪಾಯದ ಘಟಕಗಳ ಪಟ್ಟಿಗೆ ಸೇರುವುದಿಲ್ಲ. ಆದರೆ ಊರ ನಡುವೆ ಇರುವುದು ಇವೇ. ಜಿಲ್ಲೆಗಳು ಕಾನೂನಿನ ಮಿತಿಯನ್ನು ಬದಿಗಿಟ್ಟು 100 ಕೆ.ಜಿ.ಗಿಂತ ಹೆಚ್ಚು ಕ್ಲೋರಿನ್, 500 ಕೆ.ಜಿ.ಗಿಂತ ಹೆಚ್ಚು ಅಮೋನಿಯಾ ಇರುವ ಪ್ರತಿ ಜಾಗವನ್ನೂ ನಕ್ಷೆಗೆ ಹಾಕಿ, ಆ ನಕ್ಷೆಯನ್ನು ಕೊಲ್ಹಾಪುರ, ಸಾಂಗ್ಲಿ, ಸೊಲ್ಲಾಪುರಗಳ ಜೊತೆ ಹಂಚಿಕೊಳ್ಳಬೇಕು ಎಂದು ನಾವು ಹೇಳುವುದು ಇದಕ್ಕೇ.

ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ತಗ್ಗಿಗೆ ಇಳಿಯುತ್ತದೆ, ಹಳ್ಳದ ಗುಂಟ ಹರಿಯುತ್ತದೆ. ಗಾಳಿಯಲ್ಲಿ ಹತ್ತು ಲಕ್ಷಕ್ಕೆ 10 ಭಾಗ ಸೇರಿದರೆ ಜೀವಕ್ಕೆ ತಕ್ಷಣದ ಅಪಾಯ. ಟನ್ನರ್ ಸೋರಿದರೆ ಮಾಡಬೇಕಾದ ಮೊದಲ ಕೆಲಸ, ಸೋರುವ ಜಾಗ ಮೇಲೆ ಬರುವಂತೆ ಅದನ್ನು ಹೊರಳಿಸುವುದು. ಕೆಳಗಿದ್ದರೆ ದ್ರವ ಹೊರಬರುತ್ತದೆ. ಒಂದು ಲೀಟರ್ ದ್ರವ ಸುಮಾರು 460 ಲೀಟರ್ ಅನಿಲವಾಗುತ್ತದೆ. ಮೇಲಿದ್ದರೆ ಬರುವುದು ಬರೀ ಅನಿಲ, ಅದೂ ಟನ್ನರ್ ತಣ್ಣಗಾದಂತೆ ಕಡಿಮೆಯಾಗುತ್ತದೆ. ಸೋರುವ ಜಾಗದ ಮೇಲೆ ನೀರು ಬಿಡಲೇಬಾರದು. ನೀರು, ಕ್ಲೋರಿನ್ ಸೇರಿದರೆ ಆಮ್ಲವಾಗಿ ಕಬ್ಬಿಣ ತಿನ್ನುತ್ತದೆ, ಸಣ್ಣ ತೂತು ದೊಡ್ಡದಾಗುತ್ತದೆ. ಅಗ್ನಿಶಾಮಕ ವಾಹನ ಬಂದ ಕೂಡಲೇ ಪೈಪು ಬಿಚ್ಚುವ ಅಭ್ಯಾಸ ಇಲ್ಲಿ ಮುಳುವಾಗುತ್ತದೆ. ಸೋರಿಕೆ ಎಲ್ಲಿದೆ ಎಂದು ಹುಡುಕಲು ಅಮೋನಿಯಾ ದ್ರಾವಣದಲ್ಲಿ ಅದ್ದಿದ ಬಟ್ಟೆ ಹಿಡಿದರೆ ಸಾಕು, ಸೋರುವ ಕಡೆ ಬಿಳಿ ಹೊಗೆ ಏಳುತ್ತದೆ.

ಸೋರುವ ಜಾಗ ಮುಚ್ಚಲು ಬೇಕಾದ ಕಿಟ್ ಬೇರೆ ಬೇರೆ. 100 ಕೆ.ಜಿ. ಸಿಲಿಂಡರಿಗೆ ಎ ಕಿಟ್, ಟನ್ನರಿಗೆ ಬಿ, ಟ್ಯಾಂಕರಿಗೆ ಸಿ. ಒಂದರದು ಇನ್ನೊಂದಕ್ಕೆ ಹೊಂದುವುದಿಲ್ಲ. ಕಿಟ್ ಇದ್ದೂ ಕೆಲಸಕ್ಕೆ ಬಾರದಿರುವುದಕ್ಕೆ ಕಾರಣಗಳು ಎಲ್ಲ ಕಡೆಯೂ ಒಂದೇ: ಸ್ಟೋರಿನ ಬೀಗದ ಕೀಲಿ ರಾತ್ರಿ ಪಾಳಿಯವರ ಹತ್ತಿರ ಇರುವುದಿಲ್ಲ, ಗ್ಯಾಸ್ಕೆಟ್ ಒಣಗಿ ಬಿರುಕು ಬಿಟ್ಟಿರುತ್ತದೆ, ಒಮ್ಮೆ ಬಳಸಿದ ಸೀಸದ ವಾಷರನ್ನೇ ಮತ್ತೆ ಹಾಕಿರುತ್ತಾರೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಳ್ಳುವ ಉಸಿರಾಟದ ಸೆಟ್ಟಿನ ಲೆಕ್ಕವೂ ಹೀಗೆಯೇ. 6 ಲೀಟರಿನ, 300 ಬಾರ್ ಒತ್ತಡದ ಸಿಲಿಂಡರಿನಲ್ಲಿ ಸುಮಾರು 1,800 ಲೀಟರ್ ಗಾಳಿ ಇರುತ್ತದೆ. ನಿಮಿಷಕ್ಕೆ 40 ಲೀಟರಿನಂತೆ ಲೆಕ್ಕ ಹಾಕಿ 45 ನಿಮಿಷ ಎನ್ನುತ್ತಾರೆ. ಟನ್ನರ್ ಹೊರಳಿಸುವಂಥ ಕೆಲಸದಲ್ಲಿ ಮನುಷ್ಯ ನಿಮಿಷಕ್ಕೆ 60-70 ಲೀಟರ್ ಎಳೆಯುತ್ತಾನೆ. ನಡೆದು ಹೋಗಿ ಬರುವ ಸಮಯ ಕಳೆದರೆ ಕೆಲಸಕ್ಕೆ ಸಿಗುವುದು ಹದಿನೈದು ನಿಮಿಷ ಇದ್ದೀತು. ಒಳಗೆ ಇಬ್ಬರು ಹೋದರೆ ಹೊರಗೆ ಇಬ್ಬರು ಸೆಟ್ ಹಾಕಿಕೊಂಡು ಸಿದ್ಧ ನಿಂತಿರಬೇಕು. ಹೀಗಾಗಿ ಒಂದು ಠಾಣೆಯಲ್ಲಿ ಎರಡೇ ಸೆಟ್ ಇದ್ದರೆ ಅದು ಇಲ್ಲದಂತೆಯೇ. ನಿಪ್ಪಾಣಿಗೆ ಗಡಿಯಾಚೆಯ ಕಾಗಲ್‌ನಿಂದ ಸೆಟ್ ಬರಬಹುದು. ಆದರೆ ಎರಡು ರಾಜ್ಯಗಳು ಬೇರೆ ಬೇರೆ ಕಂಪನಿಯ ಸೆಟ್ ಕೊಂಡಿದ್ದರೆ ಸಿಲಿಂಡರಿನ ಕನೆಕ್ಟರ್ ಕೂಡದೆ ಹೋಗಬಹುದು. ಗಾಳಿ ಮರುಭರ್ತಿ ಮಾಡುವ ಕಂಪ್ರೆಸರ್ ಯಾವ ಊರಿನಲ್ಲಿದೆ, ಯಾರ ಸೆಟ್ಟು ಯಾರದಕ್ಕೆ ಕೂಡುತ್ತದೆ ಎಂದು ಬಿಸಿಲಿನ ದಿನವೇ ಜೋಡಿಸಿ ನೋಡಿ ಬರೆದಿಡಬೇಕಾದ ವಿಷಯ ಇದು.

ಅಮೋನಿಯಾದ ಸ್ವಭಾವ ಬೇರೆ. ಆವಿಯಾಗಿ ಅದು ಗಾಳಿಗಿಂತ ಹಗುರ. ಆದರೆ ಒತ್ತಡದಲ್ಲಿದ್ದ ದ್ರವ ಒಮ್ಮೆಲೇ ಚಿಮ್ಮಿದಾಗ ತಣ್ಣನೆಯ ಮಂಜಾಗಿ ನೆಲ ಹಿಡಿದೇ ಸಾಗುತ್ತದೆ. ಆವಿಗೆ ನೀರಿನ ಪರದೆ ಹಿಡಿದರೆ ಚೆನ್ನಾಗಿ ಕರಗುತ್ತದೆ. ನೆಲದಲ್ಲಿ ನಿಂತ ದ್ರವಕ್ಕೆ ಅದೇ ನೀರು ಬಿಟ್ಟರೆ ಕುದಿದು ಇನ್ನಷ್ಟು ಆವಿ ಏಳುತ್ತದೆ. ಕೋಲ್ಡ್ ಸ್ಟೋರೇಜುಗಳಲ್ಲಿ ಸೋರಿಕೆಗೆ ಮುಖ್ಯ ಕಾರಣಗಳಲ್ಲೊಂದು ಯಂತ್ರದೊಳಗೆ ಸೇರಿದ ಎಣ್ಣೆ ಬಸಿಯುವ ಕೆಲಸ. ವಾಲ್ವ್ ತೆರೆದಿಟ್ಟು ಬೇರೆ ಕೆಲಸಕ್ಕೆ ಹೋದರೆ ಎಣ್ಣೆ ಮುಗಿದು ಅಮೋನಿಯಾ ಬರುತ್ತದೆ. ಕೈ ಬಿಟ್ಟ ಕೂಡಲೇ ತಾನೇ ಮುಚ್ಚಿಕೊಳ್ಳುವ ಸ್ಪ್ರಿಂಗ್ ವಾಲ್ವ್ ಹಾಕಿದರೆ ಈ ಅಪಾಯ ಬಹುಪಾಲು ತಪ್ಪುತ್ತದೆ. ತಿಕೋಟಾದಿಂದ ತೆಲಸಂಗದವರೆಗೆ, ಆಚೆ ತಾಸಗಾಂವದವರೆಗೆ ಒಂದೇ ದ್ರಾಕ್ಷಿ ಸೀಮೆ, ಒಂದೇ ಬಗೆಯ ಸ್ಟೋರೇಜುಗಳು, ರಿಪೇರಿ ಮಾಡುವ ಮೆಕ್ಯಾನಿಕ್‌ಗಳೂ ಗಡಿ ದಾಟಿ ಓಡಾಡುವವರೇ. ಇವರಿಗೆ ಎರಡು ರಾಜ್ಯದ ಕಾರ್ಖಾನೆ ಇಲಾಖೆಗಳು ಸೇರಿ ವರ್ಷಕ್ಕೊಮ್ಮೆ ತರಬೇತಿ ಕೊಟ್ಟರೆ ಅದಕ್ಕಿಂತ ಅಗ್ಗದ ಸಿದ್ಧತೆ ಇನ್ನೊಂದಿಲ್ಲ.

ಕಬ್ಬಿನ ಹಂಗಾಮು, ಚಳಿಗಾಲದ ರಾತ್ರಿ

ನವೆಂಬರಿನಿಂದ ಫೆಬ್ರುವರಿವರೆಗೆ ಕಾರ್ಖಾನೆಗಳು ಕಬ್ಬು ನುರಿಸುತ್ತವೆ. ಅದೇ ತಿಂಗಳುಗಳ ರಾತ್ರಿ ನೆಲದ ಹತ್ತಿರದ ಗಾಳಿ ತಣ್ಣಗೆ, ಮೇಲಿನದು ಬೆಚ್ಚಗೆ ಇರುತ್ತದೆ. ಗ್ಯಾಸು ಮೇಲೇಳದೆ ಕೆಳಗೇ ಉಳಿಯುತ್ತದೆ. ಒಂದೇ ಪ್ರಮಾಣದ ಸೋರಿಕೆ ಹಗಲಿಗಿಂತ ರಾತ್ರಿ ಹೆಚ್ಚು ದೂರ ತಲುಪುವುದು ಇದರಿಂದಲೇ. ರಸ್ತೆ ತುಂಬ ಕಬ್ಬಿನ ಟ್ರ್ಯಾಲಿಗಳ ಸಾಲು ಬೇರೆ. ಆಂಬುಲೆನ್ಸ್ ಬರುವ ದಾರಿ ಯಾವುದೆಂದು ಕಾರ್ಖಾನೆಯ ಯಾರ್ಡಿನವರ ಜೊತೆ ಕೂತು ಮೊದಲೇ ಗುರುತು ಮಾಡದಿದ್ದರೆ ಆ ಹೊತ್ತಿಗೆ ದಾರಿ ಸಿಗುವುದಿಲ್ಲ.

ಬೀಡ ಕಡೆಯಿಂದ, ನಮ್ಮದೇ ಜಿಲ್ಲೆಗಳ ಒಣ ತಾಲ್ಲೂಕುಗಳಿಂದ ಬಂದ ಕಬ್ಬು ಕಡಿಯುವ ಗ್ಯಾಂಗಿನವರು ಕಾರ್ಖಾನೆಯ ಸುತ್ತ ಗುಡಿಸಲು ಹಾಕಿಕೊಂಡಿರುತ್ತಾರೆ. ಊರಿನ ಮನೆ ಪಟ್ಟಿಯಲ್ಲಿ ಅವರಿಲ್ಲ, ಪಂಚಾಯ್ತಿಯ ವಾಟ್ಸ್ಆ್ಯಪ್ ಗುಂಪಿನಲ್ಲೂ ಇಲ್ಲ. ಗ್ಯಾಸು ಬಂದಾಗ ಹೊರಗೆ ಓಡುವುದಕ್ಕಿಂತ ಕದ ಹಾಕಿಕೊಂಡು ಒಳಗಿರುವುದೇ ಮೇಲು ಎಂಬುದು ಪಕ್ಕಾ ಮನೆಯವರಿಗೆ ಕೊಡುವ ಸಲಹೆ. ಹಳೆಯ ಮಾಳಿಗೆ ಮನೆಯವರು ಬಾಗಿಲು, ಕಿಟಕಿಯ ಜೊತೆ ಬೆಳಕಿಂಡಿಯನ್ನೂ ಮುಚ್ಚಬೇಕು, ಕೂಲರ್ ಆರಿಸಬೇಕು, ಸಂದಿಗೆ ಒದ್ದೆ ಬಟ್ಟೆ ತುರುಕಬೇಕು. ಗ್ಯಾಸು ದಾಟಿಹೋಯಿತೆಂದು ಗೊತ್ತಾದ ಮೇಲೆ ತಡ ಮಾಡದೆ ಎಲ್ಲ ತೆರೆಯಬೇಕು, ಇಲ್ಲವಾದರೆ ಒಳಗೆ ಸೇರಿದ್ದು ಒಳಗೇ ಉಳಿಯುತ್ತದೆ. ಕಬ್ಬಿನ ಸೋಗೆಯ ಗುಡಿಸಲಿಗೆ ಇದ್ಯಾವುದೂ ಹೊಂದುವುದಿಲ್ಲ. ಅವರನ್ನು ಗಾಳಿಗೆ ಅಡ್ಡಲಾಗಿ ನಡೆಸಿ ಶಾಲೆಗೋ ಗೋದಾಮಿಗೋ ಕರೆದೊಯ್ಯಬೇಕು. ಯಾವ ಗ್ಯಾಂಗು ಎಲ್ಲಿ ಇಳಿದಿದೆ ಎಂಬ ಪಟ್ಟಿ ಗ್ಯಾಂಗಿನ ಮುಖ್ಯಸ್ಥ ಮುಕಾದಮನ ಹತ್ತಿರ, ಕಾರ್ಖಾನೆಯ ಕಬ್ಬು ವಿಭಾಗದಲ್ಲಿ ಇದ್ದೇ ಇರುತ್ತದೆ. ಅದು ತಹಶೀಲ್ದಾರರಿಗೆ ಹಂಗಾಮಿನ ಮೊದಲ ವಾರವೇ ತಲುಪಬೇಕು. ಮೈಕಿನಲ್ಲಿ ಹೇಳುವ ನಾಲ್ಕು ವಾಕ್ಯ ಕನ್ನಡದಲ್ಲೂ ಮರಾಠಿಯಲ್ಲೂ ಮೊದಲೇ ರೆಕಾರ್ಡ್ ಆಗಿರಬೇಕು. ಬಡವರ ಜೀವ ಪಟ್ಟಿಯಿಂದ ಬಿಟ್ಟುಹೋಗುವುದು ಹೀಗೆಯೇ, ಯಾರೋ ಕೇಳದೆ ಬಿಟ್ಟ ಒಂದು ಕಾಗದದಿಂದ.

ಹೆದ್ದಾರಿಯ ಟ್ಯಾಂಕರಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2018ರ ಜನವರಿಯಲ್ಲಿ ಗೋವಾದ ಚಿಖಲಿ ಬಳಿ ಅಮೋನಿಯಾ ಟ್ಯಾಂಕರ್ ರಾತ್ರಿ ಉರುಳಿ ಸುತ್ತಲಿನ ಮನೆಗಳನ್ನು ಖಾಲಿ ಮಾಡಿಸಬೇಕಾಯಿತು. ಅಂಥ ವಾಹನದ ಮೇಲೆ ವಸ್ತುವಿನ ಹೆಸರು, ವಿಶ್ವಸಂಸ್ಥೆಯ ನಾಲ್ಕಂಕಿಯ ಸಂಖ್ಯೆ, ತುರ್ತು ಫೋನ್ ನಂಬರ್ ಇರುವ ಫಲಕ ಕಡ್ಡಾಯ. 1005 ಎಂದರೆ ಅಮೋನಿಯಾ, 1017 ಎಂದರೆ ಕ್ಲೋರಿನ್. 112ಕ್ಕೆ ಕರೆ ಮಾಡುವವರು ದೂರದಿಂದ ಆ ನಾಲ್ಕಂಕಿ ಓದಿ ಹೇಳಿದರೆ ಅರ್ಧ ಕೆಲಸ ಆದಂತೆ. ಕೊಗನೊಳಿ ಚೆಕ್‌ಪೋಸ್ಟಿನ, ಚೋರ್ಲಾ ಘಾಟಿನ ಪೊಲೀಸರಿಗೆ ಇದನ್ನು ಕಲಿಸಲು ಅರ್ಧ ದಿನ ಸಾಕು.

ಆಸ್ಪತ್ರೆಯ ಬಾಗಿಲಲ್ಲಿ

1995ರಲ್ಲಿ ಟೋಕಿಯೊ ಸುರಂಗ ರೈಲಿನಲ್ಲಿ ಸಾರಿನ್ ವಿಷ ಹರಡಿದಾಗ 5,000ಕ್ಕೂ ಹೆಚ್ಚು ಜನ ಆಸ್ಪತ್ರೆಗಳಿಗೆ ಹೋದರು. ಬಹಳ ಜನ ಆಂಬುಲೆನ್ಸಿಗೆ ಕಾಯದೆ ತಾವೇ ನಡೆದು, ಟ್ಯಾಕ್ಸಿ ಹಿಡಿದು ಹೋದವರು. ಅವರ ಬಟ್ಟೆಯಿಂದ ಏಳುತ್ತಿದ್ದ ಆವಿಯಿಂದ ವೈದ್ಯರು, ನರ್ಸುಗಳೇ ಅಸ್ವಸ್ಥರಾದರು. ನಮ್ಮಲ್ಲೂ ಹೀಗೆಯೇ ಆಗುತ್ತದೆ. ಟ್ರ್ಯಾಕ್ಸಿನಲ್ಲಿ ಹಾಕಿಕೊಂಡು ನೇರ ಜಿಲ್ಲಾಸ್ಪತ್ರೆಗೆ ತರುತ್ತಾರೆ. ಆದ್ದರಿಂದ ತೊಳೆಯುವ ವ್ಯವಸ್ಥೆ ಆಸ್ಪತ್ರೆಯ ಬಾಗಿಲ ಹೊರಗೆ ಇರಬೇಕು.

ಬರೀ ಗ್ಯಾಸು ತಾಗಿದವರಿಗೆ ಬಟ್ಟೆ ತೆಗೆದು ಗಾಳಿಗೆ ತಂದರೆ ಹೆಚ್ಚಿನದು ಹೋಗುತ್ತದೆ. ಕಣ್ಣು ಉರಿಯುತ್ತಿದ್ದರೆ ಕನಿಷ್ಠ 15 ನಿಮಿಷ ಎಡೆಬಿಡದೆ ನೀರು ಹಾಕಬೇಕು. ಮೈಮೇಲೆ ದ್ರವ ಅಥವಾ ಪುಡಿ ಬಿದ್ದವರಿಗೆ ಸೋಪು ನೀರಿನ ಸ್ನಾನ ಬೇಕೇ ಬೇಕು. ಒಬ್ಬರಿಗೆ 5 ನಿಮಿಷ ಹಿಡಿದರೆ ಒಂದು ಷವರಿನಲ್ಲಿ ಗಂಟೆಗೆ 12 ಜನ. ಗಂಡಸರಿಗೊಂದು, ಹೆಂಗಸರಿಗೊಂದು ಸಾಲು ಮಾಡಿದರೂ 100 ಜನಕ್ಕೆ ನಾಲ್ಕು ಗಂಟೆ ಮೀರುತ್ತದೆ. ತಲೆಗೆ 50 ಲೀಟರಿನಂತೆ 5,000 ಲೀಟರ್ ನೀರು, ಅಂದರೆ ಒಂದು ಟ್ಯಾಂಕರ್. ಪರದೆ ಇಲ್ಲದಿದ್ದರೆ ಹೆಣ್ಣುಮಕ್ಕಳು ಬಟ್ಟೆ ತೆಗೆಯಲು ಒಪ್ಪುವುದಿಲ್ಲ, ಒಪ್ಪಬೇಕೂ ಇಲ್ಲ. ಷಾಮಿಯಾನದ ಬಟ್ಟೆ, ಹೊಸ ನೈಟಿ, ಲುಂಗಿ ಗಂಟು ಕಟ್ಟಿ ಇಟ್ಟಿರುವುದು ಯಾವ ದುಬಾರಿ ಯಂತ್ರಕ್ಕೂ ಕಡಿಮೆಯಲ್ಲ.

ನಮ್ಮ ವೈದ್ಯರಿಗೆ ಒಂದು ವಿಷಯದಲ್ಲಿ ಯಾರೂ ಕಲಿಸಬೇಕಿಲ್ಲ. ಕೀಟನಾಶಕ ಕುಡಿದವರನ್ನು, ಸಿಂಪಡಿಸುವಾಗ ವಿಷ ಏರಿದವರನ್ನು ಈ ಭಾಗದ ಆಸ್ಪತ್ರೆಗಳು ನೋಡುತ್ತಲೇ ಬಂದಿವೆ. ಆರ್ಗನೋಫಾಸ್ಫೇಟ್ ಕೀಟನಾಶಕಗಳೂ ಸಾರಿನ್‌ನಂಥ ನರವಿಷಗಳೂ ದೇಹದಲ್ಲಿ ಕೆಡಿಸುವುದು ಒಂದೇ ಕಿಣ್ವವನ್ನು, ಮುಖ್ಯ ಮದ್ದು ಎರಡಕ್ಕೂ ಅಟ್ರೋಪಿನ್. ಕೊರತೆ ಬರುವುದು ದಾಸ್ತಾನಿನಲ್ಲಿ. ತೀವ್ರ ವಿಷದಲ್ಲಿ 0.6 ಮಿ.ಗ್ರಾಂ. ಅಟ್ರೋಪಿನ್ ಇರುವ 3 ಸಣ್ಣ ಗಾಜಿನ ಆಂಪೂಲ್‌ನಿಂದ ಶುರು ಮಾಡಿ, ಎದೆಯ ಕಫದ ಸದ್ದು ನಿಲ್ಲುವವರೆಗೆ 5 ನಿಮಿಷಕ್ಕೊಮ್ಮೆ ಇಮ್ಮಡಿ ಮಾಡುತ್ತಾ ಹೋದರೆ 3, 6, 12, 24 ಆಗಿ ಕಾಲು ಗಂಟೆಯಲ್ಲಿ 45 ಆಂಪೂಲ್ ಮುಗಿಯುತ್ತದೆ. ಅಂಥ 20 ರೋಗಿಗಳಿಗೆ 900. ಒಂದು ಆಸ್ಪತ್ರೆ ಇಷ್ಟು ಇಟ್ಟುಕೊಂಡರೆ ಅವಧಿ ಮುಗಿದು ಹಾಳಾಗುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೇರಿ ಒಂದೇ ಲೆಕ್ಕದಲ್ಲಿ ದಾಸ್ತಾನು ಇಟ್ಟು, ಹಳೆಯದು ದಿನದ ಬಳಕೆಗೆ ಹೋಗುವಂತೆ ತಿರುಗಿಸಿದರೆ ಯಾವುದೂ ಹಾಳಾಗುವುದಿಲ್ಲ. ಮಿರಜ್, ಸೊಲ್ಲಾಪುರದ ಆಸ್ಪತ್ರೆಗಳೂ ಈ ಲೆಕ್ಕಕ್ಕೆ ಸೇರಬೇಕು, ಏಕೆಂದರೆ ಅಥಣಿ, ಇಂಡಿ ಕಡೆಯ ರೋಗಿ ಹೇಗೂ ಅಲ್ಲಿಗೇ ಹೋಗುತ್ತಾನೆ.

ಗುಜರಿಯಲ್ಲಿ ಅಡಗಿದ್ದು

ಬೆಳಗಾವಿಯ ಉದ್ಯಮಬಾಗ, ಮಚ್ಛೆಯ ಫೌಂಡ್ರಿಗಳು ಗುಜರಿ ಕಬ್ಬಿಣ ಕರಗಿಸಿ ಎರಕ ಹೊಯ್ಯುತ್ತವೆ. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಗೆ ವಿಶ್ವವಿದ್ಯಾಲಯವೊಂದರ ಹಳೆಯ ಉಪಕರಣದಲ್ಲಿದ್ದ, ವಿಕಿರಣ ಸೂಸುವ ಕೋಬಾಲ್ಟ್-60 ಹರಾಜಿನ ಮೂಲಕ ಬಂದು ಒಬ್ಬ ಕೆಲಸಗಾರ ಸತ್ತ. ಅದಕ್ಕೂ ಮೊದಲು 2008ರಲ್ಲಿ ಭಾರತದಲ್ಲಿ ತಯಾರಾದ ಲಿಫ್ಟ್ ಬಟನ್‌ಗಳಲ್ಲಿ ಕೋಬಾಲ್ಟ್-60 ಇರುವುದು ಫ್ರಾನ್ಸಿನಲ್ಲಿ ಪತ್ತೆಯಾಯಿತು. ಯಾರೋ ಗುಜರಿಯೊಂದಿಗೆ ಮೂಲವನ್ನೂ ಕರಗಿಸಿಬಿಟ್ಟಿದ್ದರು. ಬ್ರೆಜಿಲ್‌ನ ಗೊಯಾನಿಯಾದಲ್ಲಿ 1987ರಲ್ಲಿ ಪಾಳು ಆಸ್ಪತ್ರೆಯ ಸೀಸಿಯಂ-137 ಗುಜರಿಗೆ ಸೇರಿ ನಾಲ್ವರು ಸತ್ತರು, ಲಕ್ಷಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಬೇಕಾಯಿತು.

ಬಾಯ್ಲರ್, ಪೈಪಿನ ಬೆಸುಗೆ ಪರೀಕ್ಷಿಸುವ ಕ್ಯಾಮೆರಾಗಳಲ್ಲಿ ಇರಿಡಿಯಂ-192 ಇರುತ್ತದೆ. ಸಿಮೆಂಟ್ ಕಾರ್ಖಾನೆಗಳ ಮಟ್ಟ ಅಳೆಯುವ ಕೆಲವು ಗೇಜುಗಳಲ್ಲಿ ಸೀಸಿಯಂ-137 ಇರುತ್ತದೆ. ಕಾರ್ಖಾನೆ ಮುಚ್ಚಿ ಸಾಮಾನು ಹರಾಜಾದಾಗ ಇವು ತಪ್ಪಿಹೋಗುವ ಸಂಭವ ಹೆಚ್ಚು. ಗುಜರಿ ಅಂಗಡಿಯವರು ತಿಳಿಯಬೇಕಾದದ್ದು ಇಷ್ಟು: ಗಾತ್ರಕ್ಕೆ ಮೀರಿದ ಭಾರದ ಡಬ್ಬಿ, ಹಳದಿಯ ಮೇಲೆ ಮೂರು ಎಸಳಿನ ಗುರುತು ಕಂಡರೆ ಗ್ಯಾಸ್ ಕಟರ್ ಹಚ್ಚಬಾರದು, ಮುಟ್ಟಬಾರದು, ದೂರ ಸರಿಯಬೇಕು. ಒಂದು ಮೀಟರಿನಿಂದ ಹತ್ತು ಮೀಟರಿಗೆ ಸರಿದರೆ ತಾಗುವ ವಿಕಿರಣ ನೂರರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಆಮೇಲೆ ಪೊಲೀಸರಿಗೆ ಹೇಳಿದರೆ ಅವರು ಪರಮಾಣು ಶಕ್ತಿ ಇಲಾಖೆಯ ತುರ್ತು ಕೇಂದ್ರವನ್ನು ಕರೆಯುತ್ತಾರೆ. ನಮಗೆ ಹತ್ತಿರದ್ದು ಕೈಗಾದಲ್ಲಿದೆ. ಬೆಳಗಾವಿ, ಕೊಲ್ಹಾಪುರದ ಫೌಂಡ್ರಿ ಸಂಘಗಳು ಸೇರಿ ತೂಕದ ಕಟ್ಟೆಗಳಲ್ಲಿ ಒಂದೊಂದು ವಿಕಿರಣ ಮಾಪಕ ಇಟ್ಟರೆ ಮೂಲ ಕುಲುಮೆಗೆ ಹೋಗುವ ಮೊದಲೇ ಸಿಗುತ್ತದೆ. ಒಂದೇ ಕಡೆ ಇಟ್ಟರೆ ಅಲ್ಲಿ ತಿರಸ್ಕರಿಸಿದ ಲೋಡು ಸದ್ದಿಲ್ಲದೆ ಇನ್ನೊಂದು ಊರಿಗೆ ಹೋಗುತ್ತದೆ. ಯಾರು ಯಾವ ಲೋಡು ತಿರಸ್ಕರಿಸಿದರು ಎಂಬ ಮಾಹಿತಿ ಅದೇ ದಿನ ಇನ್ನೊಬ್ಬರಿಗೆ ಹೋಗಬೇಕು.

ಕೈಗಾ ಎಂದ ಕೂಡಲೇ ಜನರಿಗೆ ಸ್ಥಾವರದ ಭಯ. 220 ಮೆಗಾವಾಟಿನ ನಾಲ್ಕು ಘಟಕಗಳಿರುವ ಆ ಸ್ಥಾವರದ ತುರ್ತು ಯೋಜನಾ ವಲಯ 16 ಕಿ.ಮೀ., ಬೆಳಗಾವಿ ಜಿಲ್ಲೆ ಅದರ ಹೊರಗೇ ಉಳಿಯುತ್ತದೆ. ಅಲ್ಲಿ ಅನಾಹುತವಾದರೆ ನಮ್ಮ ಪಾಲಿನ ಕೆಲಸ ಅಲ್ಲಿಂದ ಬಂದ ಜನರನ್ನು ಇಳಿಸಿಕೊಳ್ಳುವುದು, ಖಾನಾಪುರ ಕಡೆಯ ಹಾಲು, ಸೊಪ್ಪಿನ ಮಾದರಿ ತೆಗೆದು ಕಳಿಸುವುದು. ಅಯೋಡಿನ್ ಮಾತ್ರೆ (ಪೊಟ್ಯಾಸಿಯಂ ಅಯೋಡೈಡ್) ದೊಡ್ಡವರಿಗೆ 130 ಮಿ.ಗ್ರಾಂ., 3ರಿಂದ 12 ವರ್ಷದವರಿಗೆ ಅದರ ಅರ್ಧ. ಅಧಿಕಾರಿಗಳು ಹೇಳಿದಾಗ ಮಾತ್ರ ನುಂಗಬೇಕು. ಅದು ಕಾಯುವುದು ಥೈರಾಯ್ಡ್ ಒಂದನ್ನೇ. ಅಯೋಡಿನ್ ಉಪ್ಪು ತಿಂದರೆ ಆ ಕೆಲಸ ಆಗುವುದಿಲ್ಲ.

ನಿಧಾನದ ಅಪಾಯಗಳು

2018ರ ಮೇ ತಿಂಗಳಲ್ಲಿ ಪಂಜಾಬಿನ ಗುರುದಾಸ್ಪುರ ಜಿಲ್ಲೆಯ ಸಕ್ಕರೆ ಕಾರ್ಖಾನೆಯಿಂದ ಕಾಕಂಬಿ (ಮೊಲಾಸಸ್) ಹರಿದು ಬಿಯಾಸ್ ನದಿ ಸೇರಿ ರಾಶಿ ರಾಶಿ ಮೀನು ಸತ್ತವು. ಕಾಕಂಬಿ ವಿಷವಲ್ಲ, ನೀರಿನ ಆಮ್ಲಜನಕವನ್ನು ಮುಗಿಸಿಬಿಡುತ್ತದೆ. ಕೃಷ್ಣೆ, ಪಂಚಗಂಗಾ, ಘಟಪ್ರಭೆಯ ದಂಡೆಯುದ್ದಕ್ಕೂ ಸಕ್ಕರೆ ಕಾರ್ಖಾನೆಗಳಿರುವ ನಮಗೆ ಇದು ದೂರದ ಸುದ್ದಿಯಲ್ಲ. ಇಲ್ಲಿ ಮೊದಲು ಹೇಳಿದ ಹೊಳೆಯ ಫೋನ್ ಸರಪಳಿಯನ್ನು ಹಾಗೇ ಬಳಸಬಹುದು. ಮಟ್ಟ, ಹೊರಹರಿವಿನ ಜೊತೆಗೆ ಕರಗಿದ ಆಮ್ಲಜನಕ, ಪಿಎಚ್ ಎಂಬ ಎರಡು ಅಂಕಿ ಸೇರಿದರೆ ಸಾಕು. ಸುದ್ದಿ ಬಂದ ಕೂಡಲೇ ಟ್ಯಾಂಕು ತುಂಬಿಕೊಂಡು, ಹೊಳೆಯಿಂದ ಕುಡಿಯುವ ನೀರೆತ್ತುವ ಜಾಕ್‌ವೆಲ್ ಪಂಪು ನಿಲ್ಲಿಸಲು ಜಮಖಂಡಿಯವರಿಗೆ ಸಮಯ ಸಿಗುತ್ತದೆ. ಬೇಸಿಗೆಯಲ್ಲಿ ಹರಿವು ಕಡಿಮೆ ಇದ್ದಾಗ ಅಪಾಯ ಹೆಚ್ಚು, ಆದರೆ ಆಗ ಪ್ರವಾಹ ಕಂಟ್ರೋಲ್ ರೂಮ್ ಮುಚ್ಚಿರುತ್ತದೆ. ಅದು ವರ್ಷವಿಡೀ ತೆರೆದಿರಬೇಕು.

ಸೋಂಕಿನ ವಿಷಯದಲ್ಲಿ ಮಂಗನ ಕಾಯಿಲೆಯೇ ಸಾಕ್ಷಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಪತ್ತೆಯಾದದ್ದು 2015ರಲ್ಲಿ ಗೋವಾದ ಸತ್ತರಿಯಲ್ಲಿ, 2016ರಲ್ಲಿ ಸಿಂಧುದುರ್ಗದ ದೋಡಾಮಾರ್ಗದಲ್ಲಿ ಕಾಣಿಸಿತು. ಆ ಕಡೆ ಗೋಡಂಬಿ ತೋಟದ ಕೆಲಸಕ್ಕೆ ಬೆಳಗಾವಿ ಭಾಗದ ಕೂಲಿಗಳು ಹೋಗುತ್ತಾರೆ. ಜ್ವರ ಕಾಣಿಸುವುದು ಊರಿಗೆ ಮರಳಿದ ಮೇಲೆ. ಸತ್ತರಿಯಲ್ಲಿ ಮಂಗ ಸತ್ತ ಸುದ್ದಿ ಖಾನಾಪುರದ ಆರೋಗ್ಯಾಧಿಕಾರಿಗೆ ಅದೇ ವಾರ ಬಂದರೆ, ಜ್ವರದವರನ್ನು ಎಲ್ಲಿ ಕೆಲಸ ಮಾಡಿ ಬಂದಿರಿ ಎಂದು ಕೇಳುವ ಒಂದು ಪ್ರಶ್ನೆ ಹೆಚ್ಚುತ್ತದೆ, ರಕ್ತದ ಮಾದರಿ ಸಕಾಲಕ್ಕೆ ಹೋಗುತ್ತದೆ.

ಬರೆದಿಡಬೇಕಾದದ್ದು

ದೇಶ ದೇಶಗಳ ನಡುವೆ ಇಂಥ ಹೊಂದಾಣಿಕೆಗೆ ಮಾದರಿ ಇದೆ. ಐರೋಪ್ಯ ಒಕ್ಕೂಟ 2010ರಲ್ಲಿ ಶುರು ಮಾಡಿದ ಸಿಬಿಆರ್‌ಎನ್ ಉತ್ಕೃಷ್ಟತಾ ಕೇಂದ್ರಗಳ ಯೋಜನೆಯಲ್ಲಿ 60ಕ್ಕೂ ಹೆಚ್ಚು ದೇಶಗಳಿವೆ. ಮನಿಲಾ, ನೈರೋಬಿಯಂಥ ಕಡೆ ಪ್ರಾದೇಶಿಕ ಕಚೇರಿಗಳಿವೆ. ಅಲ್ಲಿ ಮೊದಲು ಪ್ರತಿ ದೇಶವೂ ತನ್ನಲ್ಲಿ ಏನಿಲ್ಲ ಎಂಬ ಪಟ್ಟಿ ಮಾಡುತ್ತದೆ, ಆಮೇಲೆ ನೆರೆಯವರ ಜೊತೆ ಹಂಚಿಕೊಳ್ಳುತ್ತದೆ. ಇಲ್ಲದ್ದನ್ನು ಒಪ್ಪಿಕೊಳ್ಳುವುದೇ ಕಷ್ಟದ ಭಾಗ. ನಮ್ಮ ಜಿಲ್ಲೆಗಳೂ ಅಲ್ಲಿಂದಲೇ ಶುರು ಮಾಡಬೇಕು.

ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕೊಲ್ಹಾಪುರ, ಸಾಂಗ್ಲಿ, ಸೊಲ್ಲಾಪುರ ಮತ್ತು ಗೋವಾ ಸೇರಿ ಸಹಿ ಹಾಕಬೇಕಾದ ಕಾಗದ ನಾಲ್ಕು ಪುಟ ಮೀರಬೇಕಿಲ್ಲ. ರಾತ್ರಿ ಎರಡು ಗಂಟೆಗೆ ಯಾವ ಕಂಟ್ರೋಲ್ ರೂಮ್ ಯಾವುದಕ್ಕೆ ನೇರ ಕರೆ ಮಾಡಬಹುದು, ಮೇಲಿನವರ ಅನುಮತಿ ಆಮೇಲೆ ಪಡೆದರೆ ನಡೆಯುತ್ತದೆಯೇ ಎಂಬುದು ಮೊದಲ ಪುಟ. ಗಡಿ ದಾಟಿದ ಅಗ್ನಿಶಾಮಕ ಸಿಬ್ಬಂದಿ ಯಾರ ಮಾತು ಕೇಳಬೇಕು, ಅವರಿಗೆ ಗಾಯವಾದರೆ ಪರಿಹಾರ ಯಾವ ರಾಜ್ಯದ್ದು ಎಂಬುದು ಎರಡನೆಯದು. ಇದು ಬರೆದಿರದಿದ್ದರೆ ಯಾವ ಠಾಣಾಧಿಕಾರಿಯೂ ತನ್ನ ಹುಡುಗರನ್ನು ಗಡಿಯಾಚೆ ಕಳಿಸಲು ಧೈರ್ಯ ಮಾಡುವುದಿಲ್ಲ, ಅವರನ್ನು ದೂರುವಂತೆಯೂ ಇಲ್ಲ. ಕಿಟ್, ಸೆಟ್, ಅಟ್ರೋಪಿನ್, ಮಾಪಕಗಳ ಪಟ್ಟಿ ಮೂರನೆಯದು, ಆರು ತಿಂಗಳಿಗೊಮ್ಮೆ ಕೈಯಿಂದ ಮುಟ್ಟಿ ಎಣಿಸಿದ ಸಹಿಯೊಂದಿಗೆ. ನಾಲ್ಕನೆಯದು ಅಣಕು ಕಾರ್ಯಾಚರಣೆಯ ದಿನಾಂಕ. ಅದು ಹಂಗಾಮು ಶುರುವಾಗುವ ಮೊದಲು, ಅಕ್ಟೋಬರಿನಲ್ಲಿ, ರಾತ್ರಿ ಹೊತ್ತು, ನಿಪ್ಪಾಣಿ-ಕಾಗಲ್ ನಡುವೆ ಆಗಬೇಕು. ಯಾವ ಸಮಯಕ್ಕೆ ಎಂದು ಭಾಗವಹಿಸುವವರಿಗೆ ಹೇಳಬಾರದು. ಅಳೆಯಬೇಕಾದದ್ದು ಮೂರೇ: ಮೊದಲ ಕರೆಯಿಂದ ಆಚೆ ರಾಜ್ಯದ ಕಂಟ್ರೋಲ್ ರೂಮಿಗೆ ಸುದ್ದಿ ಮುಟ್ಟಲು ಎಷ್ಟು ನಿಮಿಷ, ಉಸಿರಾಟದ ಸೆಟ್ ಹಾಕಿದ ನಾಲ್ವರು ಜಾಗದಲ್ಲಿ ನಿಲ್ಲಲು ಎಷ್ಟು ನಿಮಿಷ, ಆಸ್ಪತ್ರೆಯ ಹೊರಗಿನ ಷವರಿನಲ್ಲಿ ನೀರು ಬರಲು ಎಷ್ಟು ನಿಮಿಷ.